ಉತ್ತರಿಯಿಂದ ಸ್ವಾತಿಯವರೆಗೆ: ಅಪಾರ್ಟ್‌ಮೆಂಟ್ ಕೈತೋಟದ ಹಿಂಗಾರು ಕೆಲಸ

ವಿಜಯಪುರ, ಬಾಗಲಕೋಟೆ ಕಡೆ ಅತಿ ಹೆಚ್ಚು ಮಳೆ ಬೀಳುವ ತಿಂಗಳು ಸೆಪ್ಟೆಂಬರ್. ಹೊಲದಲ್ಲಿ ಬಿಳಿಜೋಳ, ಕಡ್ಲಿ, ಕುಸುಬಿ ಬಿತ್ತಲು ಕೂರಿಗೆ ಹೊರಬೀಳುವುದು ಈ ಮಳೆಯ ಹಸಿ ನಂಬಿಯೇ. ಮೂರನೆಯ ಮಹಡಿಯ ಬಾಲ್ಕನಿಯಲ್ಲಿ ಹತ್ತು ಹದಿನೈದು ಕುಂಡ ಇಟ್ಟುಕೊಂಡವರಿಗೂ ವರ್ಷದ ಮುಖ್ಯ ಬಿತ್ತನೆ ಇದೇ. ಏಪ್ರಿಲ್, ಮೇ ತಿಂಗಳ 40 ಡಿಗ್ರಿ ಬಿಸಿಲಿನಲ್ಲಿ ಕುಂಡದ ಗಿಡ ಬದುಕಿದರೆ ಅದೇ ಹೆಚ್ಚು. ಮಳೆಗಾಲದಲ್ಲಿ ಬೆಂಡಿ, ಚವಳಿ, ಹೀರಿ ಬರುತ್ತವೆ ನಿಜ, ಆದರೆ ರೋಗವೂ ಜೊತೆಗೇ ಬರುತ್ತದೆ. ಸೊಪ್ಪು, ಗಡ್ಡೆ, ಟೊಮ್ಯಾಟೊ, ಬದನಿ ಎಲ್ಲವೂ ಮನಸ್ಸಿಟ್ಟು ಬೆಳೆಯುವ ಕಾಲ ಅಕ್ಟೋಬರ್‌ನಿಂದ ಫೆಬ್ರುವರಿ.

ಈ ತಿರುವಿನಲ್ಲಿ ಕೈತೋಟ ಹಾಳಾಗುವುದಕ್ಕೆ ಚಳಿ ಕಾರಣವಲ್ಲ. ಒಂದೇ ತಿಂಗಳಲ್ಲಿ ಬಿಸಿಲು ಬೀಳುವ ಜಾಗ ಬದಲಾಗುತ್ತದೆ, ಪಡುವಣ ಗಾಳಿ ನಿಂತು ಒಣ ಮೂಡಗಾಳಿ ಏಳುತ್ತದೆ, ಕುಂಡಕ್ಕೆ ಮಳೆನೀರು ಹೋಗಿ ಬೋರ್‌ವೆಲ್‌ನ ಸವಳು ನೀರು ಬರುತ್ತದೆ. ಮಳೆಗಾಲದ ರೂಢಿಯನ್ನೇ ಮುಂದುವರಿಸಿದರೆ ನವೆಂಬರ್ ಹೊತ್ತಿಗೆ ಎಲೆ ಸುಟ್ಟು, ಹಳದಿ ತಿರುಗಿ, ಗಿಡ ನಿಂತಲ್ಲೇ ನಿಲ್ಲುತ್ತದೆ. ಆದ್ದರಿಂದ ಸೆಪ್ಟೆಂಬರ್ ನಡುವಿನಿಂದ ನವೆಂಬರ್ ಮೊದಲ ವಾರದವರೆಗೆ, ಅಂದರೆ ಉತ್ತರಿ, ಹಸ್ತ, ಚಿತ್ತಿ, ಸ್ವಾತಿ ಈ ನಾಲ್ಕು ಮಳೆಯ ಅವಧಿಯಲ್ಲಿ ಏನೇನು ಮಾಡಬೇಕು ಎಂಬುದು ಇಲ್ಲಿದೆ.

ಬೆಳಗಾವಿಯವರಿಗೆ ಒಂದು ಮಾತು. ನಿಮ್ಮೂರು ಸುಮಾರು 750 ಮೀಟರ್ ಎತ್ತರದಲ್ಲಿದೆ, ಮಳೆಯ ಜೋರು ಜುಲೈ, ಆಗಸ್ಟ್‌ನಲ್ಲೇ ಮುಗಿದಿರುತ್ತದೆ, ತಂಪು ಬೇಗ ಬರುತ್ತದೆ. ವಟಾಣಿ, ಹೂಕೋಸು, ನವಿಲುಕೋಸಿನಂಥ ತಂಪು ಬೇಡುವ ಬೆಳೆಗಳನ್ನು ಇಲ್ಲಿ ಹೇಳಿದ್ದಕ್ಕಿಂತ ಎರಡು ವಾರ ಮೊದಲೇ ಹಾಕಬಹುದು. ಮಣ್ಣಿನ ವಿಷಯವೂ ಬೇರೆ, ಅದನ್ನು ಆಯಾ ಕಡೆ ಹೇಳಿದ್ದೇವೆ.

ಮೊದಲು ಯಾವುದನ್ನು ಕೀಳಬೇಕು

ಕಾಯಿ ಬಿಡುತ್ತಿರುವ ಗಿಡವನ್ನು ಕೀಳಲು ಯಾರಿಗೂ ಮನಸ್ಸು ಬರುವುದಿಲ್ಲ. ಆದರೆ ಬಾಲ್ಕನಿಯಲ್ಲಿ ಜಾಗವೇ ಬಂಡವಾಳ. ಜೂನ್‌ನಲ್ಲಿ ಹಾಕಿದ ಬೆಂಡಿ ಸೆಪ್ಟೆಂಬರ್ ಕೊನೆಗೆ ಮೂರು ತಿಂಗಳು ದಾಟಿರುತ್ತದೆ. ಎಲೆಯ ನರಗಳು ಹಳದಿಯಾಗಿದ್ದರೆ ಅದು ಬಿಳಿ ನೊಣ ತಂದ ನಂಜು, ಔಷಧಿಯಿಲ್ಲ, ಅಂದೇ ಕಿತ್ತುಬಿಡಿ. ಹೀರಿ, ಹಾಗಲ, ಸೌತೆ ಬಳ್ಳಿಗಳ ಎಲೆ ಮೇಲೆ ಕೋನಾಕಾರದ ಹಳದಿ ಚುಕ್ಕೆ, ಅಡಿಯಲ್ಲಿ ಬೂದು ಬೂಷ್ಟು ಕಂಡಿದ್ದರೆ ಅವನ್ನೂ ಹಸ್ತ ಮಳೆಯೊಳಗೆ ತೆಗೆಯಿರಿ. ಕೆಳಗಿನ ಎಲೆಗಳಲ್ಲಿ ಕಂದು ಸುತ್ತು ಸುತ್ತಿನ ಮಚ್ಚೆ ಬಿದ್ದ ಹಳೆಯ ಟೊಮ್ಯಾಟೊ ಗಿಡವನ್ನು ಕಿತ್ತು ಮನೆಯ ಗೊಬ್ಬರದ ಡಬ್ಬಿಗೆ ಹಾಕಬೇಡಿ, ಕಸದ ಗಾಡಿಗೆ ಕೊಡಿ. ಸಣ್ಣ ಡಬ್ಬಿಯಲ್ಲಿ ಆ ರೋಗ ಸಾಯುವಷ್ಟು ಕಾವು ಏಳುವುದಿಲ್ಲ.

ಪುಂಡಿಪಲ್ಯೆ ಮತ್ತು ರಾಜಗಿರಿಯ ಕಾಲವೂ ಮುಗಿಯುತ್ತ ಬಂತು. ನಮ್ಮ ಅಕ್ಷಾಂಶದಲ್ಲಿ ಜೂನ್‌ನಲ್ಲಿ 13 ಗಂಟೆಯಿದ್ದ ಹಗಲು ಡಿಸೆಂಬರ್‌ಗೆ 11 ಗಂಟೆಗೆ ಇಳಿಯುತ್ತದೆ. ಹಗಲು ಕಿರಿದಾಗುವುದನ್ನು ಕಂಡೇ ಪುಂಡಿ ಹೂವಿಗೆ ಬರುತ್ತದೆ, ಎಷ್ಟು ಗೊಬ್ಬರ ಹಾಕಿದರೂ ಮತ್ತೆ ಎಲೆಗೆ ತಿರುಗುವುದಿಲ್ಲ. ಕೊನೆಯ ಎಲೆ ಬಿಡಿಸಿಕೊಂಡು ಕುಂಡ ಖಾಲಿ ಮಾಡಿ.

ಉಳಿಸಿಕೊಳ್ಳಬೇಕಾದವು ಬದನಿ ಮತ್ತು ಮೆಣಸಿನಗಿಡ. ಬದನಿ ಗಿಡದ ಬುಡ ಗಟ್ಟಿಯಾಗಿದ್ದು ರೋಗವಿಲ್ಲದಿದ್ದರೆ ನೆಲದಿಂದ ಒಂದು ಗೇಣು ಬಿಟ್ಟು, ಗೆಣ್ಣಿನ ಮೇಲೆ ಓರೆಯಾಗಿ ಕತ್ತರಿಸಿ. ಮೇಲಿನ ಎರಡು ಇಂಚು ಮಣ್ಣು ಕೆದರಿ ತೆಗೆದು ಎರಡು ಮುಷ್ಟಿ ಎರೆಗೊಬ್ಬರ, ಒಂದು ಮುಷ್ಟಿ ಬೇವಿನ ಹಿಂಡಿ ಹಾಕಿ. ಹೊಸ ಚಿಗುರಲ್ಲಿ ಗಟ್ಟಿಯಾದ ಮೂರು ನಾಲ್ಕನ್ನು ಮಾತ್ರ ಬಿಡಿ. ಒಂದೂವರೆ ತಿಂಗಳಲ್ಲಿ ಮತ್ತೆ ಕಾಯಿ ಹಿಡಿಯುತ್ತದೆ, ಹೊಸ ಸಸಿಗಿಂತ ಬೇಗ. ಮೆಣಸಿನಗಿಡವನ್ನು ಮೂರನೇ ಒಂದು ಭಾಗದಷ್ಟು ಮಾತ್ರ ಸವರಿ. ಎಲೆ ಮುಟುರಾಗಿದ್ದರೆ ಮೊದಲು ಅದು ಯಾವ ಕಡೆ ಮಡಚಿದೆ ನೋಡಿ: ದೋಣಿಯಂತೆ ಮೇಲಕ್ಕೆ ಮಡಚಿದ್ದರೆ ಥ್ರಿಪ್ಸ್ ಎಂಬ ರಸ ಹೀರುವ ಸಣ್ಣ ಕೀಟ, ಅಂಚು ಕೆಳಕ್ಕೆ ಬಾಗಿ ಎಲೆ ಉದ್ದವಾಗಿದ್ದರೆ ಮೈಟ್ ನುಸಿ. ಎರಡಕ್ಕೂ ಔಷಧಿ ಬೇರೆ, ಅದನ್ನು ಮುಂದೆ ಹೇಳುತ್ತೇವೆ.

ಬಿಸಿಲು ಎಲ್ಲಿ ಬೀಳುತ್ತದೆ

ಮನೆ ಬದಲಿಸದೆ ಬಿಸಿಲು ಹೆಚ್ಚಿಸಿಕೊಳ್ಳಲು ಸಾಧ್ಯವಿರುವ ಕಾಲ ಇದೊಂದೇ. ವಿಜಯಪುರ ಸುಮಾರು 16.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮೇ ಮೊದಲ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ನಡುಹಗಲ ಸೂರ್ಯ ನೆತ್ತಿಯಿಂದ ಉತ್ತರಕ್ಕಿರುತ್ತಾನೆ, ಆಮೇಲೆ ದಕ್ಷಿಣಕ್ಕೆ ಜಾರುತ್ತ ಹೋಗುತ್ತಾನೆ. ಸೆಪ್ಟೆಂಬರ್ 22ರ ಸುಮಾರಿಗೆ ನೆತ್ತಿಯಿಂದ 17 ಡಿಗ್ರಿ, ಡಿಸೆಂಬರ್ 21ಕ್ಕೆ 40 ಡಿಗ್ರಿ.

ದಕ್ಷಿಣಕ್ಕೆ ತೆರೆದ ಬಾಲ್ಕನಿ ನಿಮ್ಮದಾಗಿದ್ದು, ಮೇಲಿನ ಸ್ಲ್ಯಾಬ್ 9 ಅಡಿ ಎತ್ತರದಲ್ಲಿದ್ದರೆ, ನಡುಹಗಲ ಬಿಸಿಲು ನೆಲದ ಮೇಲೆ ಸೆಪ್ಟೆಂಬರ್‌ನಲ್ಲಿ ಅಂಚಿನಿಂದ ಸುಮಾರು ಎರಡೂಮುಕ್ಕಾಲು ಅಡಿ ಒಳಗೆ ಬರುತ್ತದೆ, ಡಿಸೆಂಬರ್‌ನಲ್ಲಿ ಏಳೂವರೆ ಅಡಿ. ಅಂದರೆ ಜುಲೈನಲ್ಲಿ ಸೊಪ್ಪು ಕೂಡ ಸೊರಗುತ್ತಿದ್ದ ಒಳಗಿನ ಸಾಲಿನಲ್ಲಿ ನವೆಂಬರ್‌ನಿಂದ ಟೊಮ್ಯಾಟೊ ಬೆಳೆಯಬಹುದು. ಕಟ್ಟೆ ಗೋಡೆ ಮೂರು ಅಡಿ ಎತ್ತರದ ಗಟ್ಟಿ ಗೋಡೆಯಾಗಿದ್ದರೆ ಅಂಚಿನ ಕುಂಡಗಳೇ ಅದರ ನೆರಳಿಗೆ ಸಿಗುತ್ತವೆ. ಅವನ್ನು ಇಟ್ಟಿಗೆ ಅಥವಾ ಕಬ್ಬಿಣದ ಸ್ಟ್ಯಾಂಡ್ ಮೇಲೆ ಎತ್ತರಿಸಿ, ಇಲ್ಲವೇ ಎರಡು ಅಡಿ ಒಳಕ್ಕೆ ಸರಿಸಿ.

ಉತ್ತರ ಬಾಲ್ಕನಿಯದು ಕಠಿಣ ಸಂಗತಿ. ಸೆಪ್ಟೆಂಬರ್ 22 ದಾಟಿದ ಮೇಲೆ ಮಾರ್ಚ್‌ವರೆಗೆ ನೇರ ಬಿಸಿಲು ಒಂದು ಗಳಿಗೆಯೂ ಬೀಳುವುದಿಲ್ಲ. ಅಲ್ಲಿ ಕಾಯಿ ಗಿಡದ ಆಸೆ ಬಿಡುವುದೇ ಒಳ್ಳೆಯದು. ಪುದೀನ, ದೊಡ್ಡಪತ್ರೆ ಬದುಕುತ್ತವೆ, ಪಾಲಕ್ ನಿಧಾನವಾಗಿ ಬರುತ್ತದೆ. ಟೆರೇಸ್ ಮೇಲೆ ಒಂದು ಮೂಲೆ ಸಿಗುತ್ತದೆಯೇ ಎಂದು ಅಪಾರ್ಟ್‌ಮೆಂಟ್ ಸಂಘದವರನ್ನು ಕೇಳಿ. ಕುಂಡಗಳನ್ನು ಎರಡು ಇಂಚು ಎತ್ತರಿಸಿ ಇಡುತ್ತೇವೆ, ನೀರು ಹೋಗುವ ಕೊಳವೆಗೆ ಜಾಳಿಗೆ ಹಾಕುತ್ತೇವೆ ಎಂದು ಮೊದಲೇ ಹೇಳಿದರೆ ಮಾತು ಸಲೀಸು. ಸೋರಿಕೆಯ ಭಯವೇ ಅವರ ಮುಖ್ಯ ತಕರಾರು.

ಪೂರ್ವದ ಬಾಲ್ಕನಿ ಎಲ್ಲಕ್ಕಿಂತ ಸುಖ. ಪಶ್ಚಿಮದ್ದಕ್ಕೆ ಅಕ್ಟೋಬರ್‌ನ ಎರಡನೇ ಬೇಸಿಗೆ ಕಾಡುತ್ತದೆ: ಮಧ್ಯಾಹ್ನ ಎರಡರಿಂದ ಐದರವರೆಗೆ ಕಪ್ಪು ಗ್ರೋ ಬ್ಯಾಗ್ ಮುಟ್ಟಲಾಗದಷ್ಟು ಕಾದು ಅಂಚಿನ ಬೇರು ಸುಡುತ್ತದೆ. ಬ್ಯಾಗ್‌ಗೆ ಗೋಣಿ ತಟ್ಟು ಸುತ್ತಿ, ದೀಪಾವಳಿವರೆಗೆ 35 ಪರ್ಸೆಂಟ್ ನೆರಳಿನ ಬಲೆ ಕಟ್ಟಿ, ಆಮೇಲೆ ಬಿಚ್ಚಿಬಿಡಿ. ಬಿಚ್ಚದೆ ಮರೆತರೆ ಟೊಮ್ಯಾಟೊ ಎತ್ತರಕ್ಕೆ ಬೆಳೆದು ಹೂವು ಉದುರಿಸುತ್ತದೆ.

ಮಣ್ಣು: ಎರಿಮಣ್ಣಿನ ಮೋಹ ಬೇಡ

ನಮ್ಮ ಹೊಲದ ಎರಿಮಣ್ಣು, ಅಂದರೆ ಕಪ್ಪು ಮಣ್ಣು, ಎರಡು ಮಳೆಯ ಹಸಿಯಲ್ಲಿ ಜೋಳ ಬೆಳೆಯಬಲ್ಲದು. ಅದೇ ಮಣ್ಣು ಕುಂಡದಲ್ಲಿ ಶತ್ರು. ಹಸಿಯಾದಾಗ ಉಬ್ಬಿ ಗಾಳಿಯಾಡದಂತೆ ಮುಚ್ಚಿಕೊಳ್ಳುತ್ತದೆ, ಬೇರು ಕೊಳೆಯುತ್ತದೆ. ಒಣಗಿದಾಗ ಕುಗ್ಗಿ ಕುಂಡದ ಗೋಡೆಯಿಂದ ಬೇರ್ಪಡುತ್ತದೆ. ಆಗ ಹಾಕಿದ ನೀರೆಲ್ಲ ಆ ಸಂದಿಯಿಂದಲೇ ಇಳಿದು ತೂತಿನಿಂದ ಹರಿದುಹೋಗುತ್ತದೆ. ಕೆಳಗೆ ನೀರು ಬಂತು, ಸಾಕಾಯಿತು ಎಂದುಕೊಳ್ಳುತ್ತೇವೆ, ನಡುವಿನ ಗಡ್ಡೆ ಮಾತ್ರ ಒಣಗಿಯೇ ಇರುತ್ತದೆ. ಅಕ್ಟೋಬರ್‌ನಲ್ಲಿ ದಿನವೂ ನೀರು ಹಾಕಿದರೂ ಗಿಡ ಬಾಡುವುದಕ್ಕೆ ಬಹುಪಾಲು ಇದೇ ಕಾರಣ. ಅಂಥ ಕುಂಡವನ್ನು ಒಂದು ಬುಟ್ಟಿ ನೀರಿನಲ್ಲಿ ಅರ್ಧ ಎತ್ತರಕ್ಕೆ ಇಳಿಸಿ ಅರ್ಧ ಗಂಟೆ ಇಡಿ, ಕೆಳಗಿನಿಂದ ಹೀರಿಕೊಳ್ಳುತ್ತದೆ. ಆಮೇಲೆ ಅಂಚಿನ ಸಂದಿಗೆ ಎರೆಗೊಬ್ಬರ ತುಂಬಿ ಒತ್ತಿ.

ತೂಕವನ್ನೂ ಲೆಕ್ಕ ಹಾಕಿ. 20 ಲೀಟರ್ ಕುಂಡಕ್ಕೆ ಬರೀ ಮಣ್ಣು ತುಂಬಿ ನೀರು ಹಾಕಿದರೆ 30 ಕಿಲೋ ದಾಟುತ್ತದೆ. ಹತ್ತು ಕುಂಡವೆಂದರೆ ಮೂರು ಕ್ವಿಂಟಲ್. ಭಾರದ ಕುಂಡಗಳು ಗೋಡೆಯ ಬದಿಗೇ ಇರಲಿ, ಹೊರಚಾಚಿದ ಅಂಚಿಗೆ ಬೇಡ.

ಹೊಸದಾಗಿ ತುಂಬುವವರು ಹತ್ತು ಪಾಲಿನಲ್ಲಿ ಮೂರು ಪಾಲು ಮಸಾರಿ (ಕೆಂಪು) ಮಣ್ಣು, ಮೂರು ಪಾಲು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಅಥವಾ ಎರೆಗೊಬ್ಬರ, ಮೂರು ಪಾಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಒಂದು ಪಾಲು ದಪ್ಪ ಉಸುಕು ಸೇರಿಸಿ. ಮಸಾರಿ ಸಿಗದಿದ್ದರೆ ಎರಿಮಣ್ಣು ಎರಡು ಪಾಲಿಗೆ ನಿಲ್ಲಿಸಿ, ಉಸುಕು ಎರಡು ಪಾಲು ಮಾಡಿ. ಹತ್ತು ಲೀಟರ್ ಮಿಶ್ರಣಕ್ಕೆ 50 ಗ್ರಾಂ ಬೇವಿನ ಹಿಂಡಿ. ಕೋಕೋಪೀಟ್ ಇಟ್ಟಿಗೆಯಲ್ಲಿ ಉಪ್ಪಿರುತ್ತದೆ. ನೆನೆಸಿ ಹಿಂಡಿ, ಮತ್ತೆ ಮಳೆನೀರಿನಲ್ಲಿ ನೆನೆಸಿ ಹಿಂಡಿ ಬಳಸಿ.

ಹಳೆಯ ಕುಂಡದ ಮಣ್ಣನ್ನು ಚೆಲ್ಲಬೇಕಿಲ್ಲ. ಕುಂಡ ಬೋರಲು ಹಾಕಿ, ಬೇರಿನ ಗಡ್ಡೆ ಒಡೆದು ನೋಡಿ. ಬೇರಿನಲ್ಲಿ ಗಂಟುಗಂಟು ಕಂಡರೆ ಅದು ಜಂತುಹುಳದ ಬಾಧೆ, ಆ ಮಣ್ಣನ್ನು ತರಕಾರಿಗೆ ಬಳಸಲೇಬೇಡಿ. ಬೇರು ಬೆಳ್ಳಗೆ ಶುದ್ಧವಾಗಿದ್ದರೆ ಪ್ಲಾಸ್ಟಿಕ್ ಹಾಳೆಯ ಮೇಲೆ ಎರಡು ಇಂಚು ದಪ್ಪಕ್ಕೆ ಹರಡಿ ನಾಲ್ಕೈದು ದಿನ ಬಿಸಿಲಿಗೆ ಒಣಗಿಸಿ, ಐದು ಪಾಲು ಹಳೆಯ ಮಣ್ಣಿಗೆ ಮೂರು ಪಾಲು ಗೊಬ್ಬರ, ತಲಾ ಒಂದು ಪಾಲು ಕೋಕೋಪೀಟ್ ಮತ್ತು ಉಸುಕು ಬೆರೆಸಿ.

ಎರಡು ರೂಢಿಗಳನ್ನು ವಿಜಯಪುರ, ಬಾಗಲಕೋಟೆಯವರು ಬಿಡಲೇಬೇಕು. ಒಂದು, ಕುಂಡಕ್ಕೆ ಬೂದಿ ಹಾಕುವುದು. ಎರಡು, ತತ್ತಿ ಸಿಪ್ಪೆಯ ಪುಡಿ ಅಥವಾ ಸುಣ್ಣ ಹಾಕುವುದು. ನಮ್ಮ ಮಣ್ಣೂ ಕ್ಷಾರ, ನೀರೂ ಕ್ಷಾರ. ಅವು ಅದನ್ನು ಇನ್ನಷ್ಟು ಏರಿಸಿ ಕಬ್ಬಿಣ, ಸತುವಿನ ಅಂಶ ಗಿಡಕ್ಕೆ ಸಿಗದಂತೆ ಮಾಡುತ್ತವೆ. ಖಾನಾಪುರ, ಬೆಳಗಾವಿ ಪಶ್ಚಿಮ ಭಾಗದ ಕೆಮ್ಮಣ್ಣು ಹುಳಿ ಸ್ವಭಾವದ್ದು, ಅಲ್ಲಿಯವರು ಕುಂಡಕ್ಕೊಂದು ಚಮಚ ಬೂದಿ ಹಾಕಿದರೆ ಅಡ್ಡಿಯಿಲ್ಲ. ಟೊಮ್ಯಾಟೊ ಹಣ್ಣಿನ ತಳ ಕಪ್ಪಾಗಿ ಕುಸಿದರೆ ಕ್ಯಾಲ್ಸಿಯಂ ಕೊರತೆ ಎಂದು ತತ್ತಿ ಸಿಪ್ಪೆ ಹಾಕುವವರು ಬಹಳ. ನಮ್ಮ ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಬೇಕಾದಷ್ಟಿದೆ. ಒಂದು ದಿನ ಒಣಗಿಸಿ ಮರುದಿನ ಮುಳುಗಿಸುವ ನೀರಾಟದಿಂದ ಅದು ಹಣ್ಣಿಗೆ ತಲುಪುತ್ತಿಲ್ಲ, ಅಷ್ಟೇ.

ನೀರು

ಈ ಬರಹದಲ್ಲಿ ಒಂದೇ ಭಾಗ ಪಾಲಿಸುವುದಾದರೆ ಇದನ್ನು ಪಾಲಿಸಿ.

ಮಳೆ ನಿಂತು ಬೋರ್‌ವೆಲ್ ನೀರು ಶುರುವಾದ ಮೂರು ನಾಲ್ಕು ವಾರಕ್ಕೆ ಕುಂಡದ ಅಂಚಿಗೆ, ಮಣ್ಣಿನ ಮೇಲೆ ಬಿಳಿ ಪದರ ಕಟ್ಟುತ್ತದೆ. ನೀರು ಆವಿಯಾಗಿ ಉಪ್ಪು ಉಳಿದದ್ದು ಅದು. ಹೊಲದಲ್ಲಿ ಅದು ಆಳಕ್ಕೆ ಇಳಿಯುತ್ತದೆ, ಕುಂಡದಲ್ಲಿ ಹೋಗಲು ಜಾಗವಿಲ್ಲ. ಎಲೆಯ ತುದಿ ಮತ್ತು ಅಂಚು ಕಂದಾಗಿ ಒಣಗುವುದು ಮೊದಲ ಗುರುತು. ಬೀನ್ಸ್, ಗಜ್ಜರಿ, ಉಳ್ಳಾಗಡ್ಡಿ, ಮೂಲಂಗಿ ಇದಕ್ಕೆ ಬೇಗ ಸೋಲುತ್ತವೆ. ಬೀಟ್‌ರೂಟ್, ಪಾಲಕ್ ತಡೆದುಕೊಳ್ಳುತ್ತವೆ, ಟೊಮ್ಯಾಟೊ ನಡುವಿನದು. ನಿಮ್ಮ ನೀರು ತೀರ ಸವಳಾಗಿದ್ದರೆ ಬೆಳೆಯನ್ನೇ ಆ ಪ್ರಕಾರ ಆರಿಸಿ.

ಉಪ್ಪು ತೊಳೆಯುವ ಕ್ರಮ ಹೀಗೆ: ಮೂರು ವಾರಕ್ಕೊಮ್ಮೆ, ಮೇಲಿನ ಬಿಳಿ ಪದರವನ್ನು ಚಮಚದಿಂದ ಕೆರೆದು ತೆಗೆಯಿರಿ. 10 ಲೀಟರ್ ಕುಂಡಕ್ಕೆ 10 ಲೀಟರ್ ನೀರನ್ನು ಮೂರು ಕಂತಿನಲ್ಲಿ, ಅರ್ಧ ಅರ್ಧ ಗಂಟೆ ಬಿಟ್ಟು, ನಿಧಾನವಾಗಿ ಹಾಕಿ. ಕೆಳಗೆ ಇಳಿದ ನೀರನ್ನು ತಟ್ಟೆಯಲ್ಲಿ ನಿಲ್ಲಲು ಬಿಡದೆ ತೆಗೆದು ಚೆಲ್ಲಿ, ನಿಂತರೆ ಅದೇ ಉಪ್ಪು ಮತ್ತೆ ಮೇಲೇರುತ್ತದೆ. ಗೊಬ್ಬರದ ಅಂಶವೂ ಜೊತೆಗೆ ತೊಳೆದುಹೋಗಿರುತ್ತದೆ, ಹಾಗಾಗಿ ಎರಡು ದಿನ ಬಿಟ್ಟು ಒಂದು ಮುಷ್ಟಿ ಎರೆಗೊಬ್ಬರ ಕೊಡಿ. ಕೆಳಗಿನ ಮನೆಯವರ ಒಣಗಿಸಿದ ಬಟ್ಟೆ ಮೇಲೆ ಈ ನೀರು ಬೀಳದಂತೆ ಕುಂಡವನ್ನು ಬಚ್ಚಲಿಗೆ ಒಯ್ದು ಮಾಡುವುದು ಉತ್ತಮ.

ಆರ್‌ಓ ಯಂತ್ರದಿಂದ ಹೊರಹೋಗುವ ನೀರನ್ನು ಗಿಡಕ್ಕೆ ಹಾಕುವ ಅಭ್ಯಾಸ ಎಲ್ಲ ಕಡೆ ಇದೆ. ನೀರು ಉಳಿಸುವ ಮನಸ್ಸು ದೊಡ್ಡದು, ಆದರೆ ಮೂಲ ನೀರಿನ ಉಪ್ಪೆಲ್ಲ ಸಾಂದ್ರವಾಗಿರುವುದು ಅದರಲ್ಲೇ. ನೆಲ ಒರೆಸಲು, ಪಾಯಖಾನೆಗೆ ಬಳಸಿ, ಕುಂಡಕ್ಕೆ ಬೇಡ. ಏಸಿಯಿಂದ ತೊಟ್ಟಿಕ್ಕುವ ನೀರು ಇದರ ತದ್ವಿರುದ್ಧ, ಅದರಲ್ಲಿ ಉಪ್ಪಿಲ್ಲ, ಗಿಡಕ್ಕೆ ಹಾಕಬಹುದು.

ಎಲ್ಲಕ್ಕಿಂತ ಒಳ್ಳೆಯದು ಉತ್ತರಿ, ಹಸ್ತ ಮಳೆಯ ನೀರನ್ನು ಹಿಡಿದಿಡುವುದು. ಒಂದು ಚದರ ಮೀಟರ್ ತಾರಸಿಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 10 ಲೀಟರ್. ಮೊದಲ ಹತ್ತು ನಿಮಿಷದ ಧೂಳಿನ ನೀರು ಬಿಟ್ಟು, ಆಮೇಲಿನದನ್ನು ಡ್ರಮ್ಮಿಗೆ ಹಿಡಿದು, ಬಾಯಿಗೆ ದಪ್ಪ ಬಟ್ಟೆ ಕಟ್ಟಿ ಮೇಲೆ ಮುಚ್ಚಳ ಹಾಕಿ. ಡೆಂಗಿ ಸೊಳ್ಳೆ ಮೊಟ್ಟೆಯಿಡುವುದು ಇಂಥ ತಿಳಿನೀರಿನಲ್ಲೇ, ಇದರಲ್ಲಿ ಸಡಿಲ ಬೇಡ. ಈ ನೀರನ್ನು ಸಸಿಗಳಿಗೆ, ಬೀಜ ಮೊಳೆಯುವ ಟ್ರೇಗೆ, ಸಿಂಪಡಿಸುವ ಔಷಧಿಗೆ ಮೀಸಲಿಡಿ.

ಪ್ರಮಾಣ: ಅಕ್ಟೋಬರ್‌ನಲ್ಲಿ ತುಂಬಿದ ಗಿಡವಿರುವ 10 ಲೀಟರ್ ಬ್ಯಾಗ್ ದಿನಕ್ಕೆ ಮುಕ್ಕಾಲರಿಂದ ಒಂದು ಲೀಟರ್ ಕುಡಿಯುತ್ತದೆ, ಮೂಡಗಾಳಿ ಬೀಸಿದ ದಿನ ಇನ್ನೂ ಹೆಚ್ಚು. ಡಿಸೆಂಬರ್‌ಗೆ ಅದು ಅರ್ಧಕ್ಕಿಳಿಯುತ್ತದೆ, ದಿನ ಬಿಟ್ಟು ದಿನ ಸಾಕು. ಲೆಕ್ಕಕ್ಕಿಂತ ಬೆರಳು ನಂಬಿ: ಎರಡು ಗೆಣ್ಣು ಆಳಕ್ಕೆ ಚುಚ್ಚಿದಾಗ ತಂಪು ತಾಗಿದರೆ ಅಂದು ನೀರು ಬೇಡ. ಹಾಕುವುದು ಬೆಳಿಗ್ಗೆ, ಬುಡಕ್ಕೆ.

ಯಾವ ಮಳೆಗೆ ಯಾವ ಬೀಜ

ಉತ್ತರಿ, ಸೆಪ್ಟೆಂಬರ್ 13ರಿಂದ 27. ಟೊಮ್ಯಾಟೊ, ಬದನಿ, ಮೆಣಸಿನಕಾಯಿ, ಡೊಣಮೆಣಸಿನಕಾಯಿಯ ಸಸಿ ಮಡಿಗೆ ಇದು ಸಮಯ. ಪ್ರೊಟ್ರೇ, ಅಂದರೆ ಸಸಿ ಬೆಳೆಸುವ ಗುಳಿಗಳ ಟ್ರೇ, ಅದರ ಗುಳಿಗೆ ಅರ್ಧ ಕೋಕೋಪೀಟ್, ಅರ್ಧ ಜರಡಿ ಹಿಡಿದ ಎರೆಗೊಬ್ಬರ ತುಂಬಿ, ಕಿಲೋಗೆ 10 ಗ್ರಾಂ ಟ್ರೈಕೋಡರ್ಮಾ (ರೋಗದ ಬೂಷ್ಟನ್ನು ತಡೆಯುವ ಉಪಕಾರಿ ಬೂಷ್ಟು) ಬೆರೆಸಿ. ಬೀಜ ಅರ್ಧ ಸೆಂಟಿಮೀಟರ್ ಆಳಕ್ಕೆ. ಮಳೆ ಹನಿ ನೇರ ಬೀಳಬಾರದು. ಮೊಳೆತ ಸಸಿ ಬುಡದಲ್ಲಿ ನೂಲಿನಂತೆ ಸಣ್ಣಗಾಗಿ ಬಿದ್ದುಹೋದರೆ ಅದು ಬೂಷ್ಟಿನ ಕೊಳೆ, ನೀರು ಹೆಚ್ಚಾಗಿದೆ, ಗಾಳಿ ಸಾಲದು ಎಂದರ್ಥ. ಟ್ರೇಯನ್ನು ಸೊಳ್ಳೆಪರದೆಗಿಂತ ಸಣ್ಣ ಕಣ್ಣಿನ ಬಲೆಯಲ್ಲಿ, 40 ಮೆಶ್ ಸಿಕ್ಕರೆ ಅದರಲ್ಲಿ, ನಾಟಿಯವರೆಗೆ ಮುಚ್ಚಿಡಿ. ಟೊಮ್ಯಾಟೊದ ಎಲೆ ಮುಟುರು ನಂಜನ್ನು ಬಿಳಿ ನೊಣ ಅಂಟಿಸುವುದು ಹೆಚ್ಚಾಗಿ ಸಸಿ ಹಂತದಲ್ಲೇ, ಆಗ ಅಂಟಿದರೆ ಒಂದು ಹಣ್ಣೂ ಸಿಗದು. ಬೆಂಗಳೂರಿನ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿಗೆ ಮುಟುರು ನಂಜು, ದುಂಡಾಣು ಸೊರಗು, ಎಲೆಮಚ್ಚೆ ಈ ಮೂರನ್ನೂ ತಡೆಯುವ ಗುಣವಿದೆ. ಬಾಲ್ಕನಿಗೆ ನಮ್ಮ ಮೊದಲ ಆಯ್ಕೆ ಅದೇ. ಟೊಮ್ಯಾಟೊ ಸಸಿ 25 ದಿನಕ್ಕೆ ನಾಟಿಗೆ ಬರುತ್ತದೆ, ಬದನಿ, ಮೆಣಸಿನಕಾಯಿಗೆ 35 ದಿನ ಬೇಕು. ಒಂದು ಟೊಮ್ಯಾಟೊಗೆ, ಒಂದು ಬದನಿಗೆ 20 ಲೀಟರ್ ಕುಂಡ, ಮೆಣಸಿನಕಾಯಿಗೆ 12ರಿಂದ 15 ಲೀಟರ್.

ಹೂಕೋಸು, ಎಲೆಕೋಸಿನ ಬಗ್ಗೆ ನಮ್ಮ ಅಭಿಪ್ರಾಯ ಖಚಿತ: ಸಣ್ಣ ಬಾಲ್ಕನಿಗೆ ಬೇಡ. 15 ಲೀಟರ್ ಕುಂಡವನ್ನು ಮೂರು ತಿಂಗಳು ಹಿಡಿದಿಟ್ಟುಕೊಂಡು ಒಂದೇ ಗಡ್ಡೆ ಕೊಡುತ್ತದೆ. ಅಷ್ಟು ಜಾಗದಲ್ಲಿ ಮೆಂತೆ ಮೂರು ಸಲ ಕೊಯ್ಯಬಹುದು. ಕೋಸಿನ ಆಸೆಯಿದ್ದವರು ನವಿಲುಕೋಸು ಹಾಕಿ, ಎರಡು ತಿಂಗಳಲ್ಲಿ ಕೈಗೆ ಬರುತ್ತದೆ.

ಹಸ್ತ, ಅಕ್ಟೋಬರ್ 10ರವರೆಗೆ. ಮೂಲಂಗಿ ಮತ್ತು ಪೊದೆ ಬೀನ್ಸ್. ಪೂಸಾ ಚೇತ್ಕಿ ತಳಿಯ ಮೂಲಂಗಿ ಬಿಸಿಲನ್ನು ತಡೆಯುತ್ತದೆ, 40ರಿಂದ 45 ದಿನದ ಬೆಳೆ. ಒಂದು ಗೇಣಿಗಿಂತ ಆಳದ ಕುಂಡ, ಗಿಡದಿಂದ ಗಿಡಕ್ಕೆ ನಾಲ್ಕು ಇಂಚು. ದಟ್ಟವಾಗಿ ಬಿಟ್ಟರೆ ಬರೀ ತಪ್ಪಲು ಬರುತ್ತದೆ, ಗಡ್ಡೆ ಹಿಡಿಯದು.

ಚಿತ್ತಿ, ಅಕ್ಟೋಬರ್ 10ರಿಂದ 23. ಸೊಪ್ಪಿನ ಹದ. ಆರರಿಂದ ಎಂಟು ಇಂಚು ಆಳದ ಅಗಲ ಟ್ರೇಗಳನ್ನು ಇದಕ್ಕೆ ಇಟ್ಟುಕೊಳ್ಳಿ. ಮೆಂತೆಯನ್ನು ರಾತ್ರಿ ನೆನೆಸಿ, ಚೆಲ್ಲಿ, ಅರ್ಧ ಇಂಚು ಮಣ್ಣು ಮುಚ್ಚಿ, ನಾಲ್ಕೈದು ದಿನಕ್ಕೆ ಮೊಳೆಯುತ್ತದೆ, 25ರಿಂದ 30 ದಿನಕ್ಕೆ ಕೊಯ್ಲು. ಕೊತ್ತಂಬರಿ ಬೀಜವನ್ನು ಚಪ್ಪಲಿಯಿಂದಲೋ ಲಟ್ಟಣಿಗೆಯಿಂದಲೋ ಮೆಲ್ಲಗೆ ಉಜ್ಜಿ ಎರಡು ಬೇಳೆ ಮಾಡಿ, ಹನ್ನೆರಡು ತಾಸು ನೆನೆಸಿ ಹಾಕಿ. ಮೊಳೆಯಲು ಎಂಟರಿಂದ ಹನ್ನೆರಡು ದಿನ. ಸೆಪ್ಟೆಂಬರ್‌ನ ಸೆಖೆಯಲ್ಲಿ ಕೊತ್ತಂಬರಿ ಹಾಕಿದವರು ಮೊಳಕೆ ಬರಲಿಲ್ಲ, ಬಂದದ್ದೂ ಬೇಗ ಹೂವಿಗೆ ಹೋಯಿತು ಎನ್ನುತ್ತಾರೆ. 30 ಡಿಗ್ರಿ ಮೇಲೆ ಅದು ಹಾಗೆಯೇ, ಬೀಜದ ಅಂಗಡಿಯವನನ್ನು ಬೈದು ಫಲವಿಲ್ಲ. ಸಬ್ಬಸಿಗಿ, ಪಾಲಕ್, ಚುಕ್ಕ ಇವೂ ಇದೇ ಹೊತ್ತಿಗೆ. ಎಲ್ಲ ಟ್ರೇ ಒಂದೇ ದಿನ ಬಿತ್ತಬೇಡಿ. ಹತ್ತು ಹನ್ನೆರಡು ದಿನಕ್ಕೊಂದು ಟ್ರೇ ಬಿತ್ತಿದರೆ ಮನೆಗೆ ಸೊಪ್ಪು ತಪ್ಪುವುದಿಲ್ಲ.

ಗಜ್ಜರಿಯೂ ಚಿತ್ತಿಗೇ. ಒಂದು ಅಡಿ ಆಳ ಬೇಕು, ಕಲ್ಲು, ಹೆಂಟೆ ಇರಕೂಡದು, ಇದ್ದರೆ ಗಡ್ಡೆ ಕವಲೊಡೆಯುತ್ತದೆ. ಹಸಿ ಗೊಬ್ಬರದಿಂದಲೂ ಹಾಗೇ ಆಗುತ್ತದೆ. ಸಸಿ ಮಾಡಿ ನಾಟಿ ಮಾಡಬಾರದು, ಕುಂಡಕ್ಕೇ ನೇರ ಬಿತ್ತಬೇಕು. ಬೀಜ ಮೊಳೆಯುವ ಎಂಟು ಹತ್ತು ದಿನ ಮೇಲ್ಮಣ್ಣು ಒಂದು ಮಧ್ಯಾಹ್ನವೂ ಒಣಗಬಾರದು. ಹಸಿ ಗೋಣಿ ತಟ್ಟು ಹೊದಿಸಿಡಿ, ಮೂರು ನಾಲ್ಕು ಮೊಳಕೆ ಕಂಡ ಸಂಜೆಯೇ ತೆಗೆಯಿರಿ. ಎರಡು ಇಂಚಿಗೊಂದರಂತೆ ಬಿಟ್ಟು ಉಳಿದದ್ದನ್ನು ಕತ್ತರಿಯಿಂದ ಕತ್ತರಿಸಿ, ಕಿತ್ತರೆ ಪಕ್ಕದ ಬೇರು ಅಲುಗುತ್ತದೆ.

ಸ್ವಾತಿ, ನವೆಂಬರ್ 6ರವರೆಗೆ. ವಟಾಣಿ, ಬೀಟ್‌ರೂಟ್, ತಪ್ಪಲಿಗೆ ಉಳ್ಳಾಗಡ್ಡಿ, ಬಳ್ಳೊಳ್ಳಿ. ಅಡುಗೆಮನೆಯಲ್ಲಿ ಮೊಳೆತ ಉಳ್ಳಾಗಡ್ಡಿಯನ್ನೇ ನಾಲ್ಕು ಇಂಚಿಗೊಂದು ನೆಟ್ಟರೆ ಮೂರ್ನಾಲ್ಕು ವಾರಕ್ಕೆ ತಪ್ಪಲು. ಜೊತೆಗೆ ಒಂದು ಟ್ರೇ ಕಡ್ಲಿ ತಪ್ಪದೆ ಹಾಕಿ. ಅಂಗಡಿಯ ಕಡ್ಲಿ ಕಾಳು ಸಾಕು, ಎರಡು ಇಂಚಿಗೊಂದು, ಒಂದು ಇಂಚು ಆಳ. ಒಂದು ತಿಂಗಳಿಗೆ ಕುಡಿ ಚಿವುಟಲು ಬರುತ್ತದೆ, ಚಿವುಟಿದಷ್ಟೂ ಕವಲೊಡೆಯುತ್ತದೆ. ಎಲೆಯ ಹುಳಿ ಅದರ ಮೇಲಿನ ರೋಮಗಳಿಂದ ಒಸರುವ ಆಮ್ಲ. ಮೇಲಿಂದ ನೀರು ಹಾಕಿದರೆ ತೊಳೆದುಹೋಗುತ್ತದೆ, ಹಾಗಾಗಿ ಬುಡಕ್ಕಷ್ಟೇ ನೀರು, ಅದೂ ಕಡಿಮೆ. ಎರಿಮಣ್ಣು ಎರಡು ಪಾಲು ಹೆಚ್ಚಿದ್ದರೂ ಸಹಿಸುವ ಒಂದೇ ಬೆಳೆ ಈ ಪಟ್ಟಿಯಲ್ಲಿ ಇದು.

ಪಾರಿವಾಳಗಳಿಗೆ ವಟಾಣಿ, ಕಡ್ಲಿ, ಮೆಂತೆಯ ಮೊಳಕೆ ಬಹಳ ಪ್ರೀತಿ. ಬಿತ್ತಿದ ದಿನವೇ ಟ್ರೇ ಮೇಲೆ ಬಲೆ ಕಟ್ಟಿ, ನಾಲ್ಕು ಎಲೆ ಬಂದ ಮೇಲೆ ತೆಗೆಯಿರಿ.

ಹಳದಿ ಎಲೆ, ಹುಳು, ಬೂದಿ

ಎಲೆ ಹಳದಿಯಾದ ಕೂಡಲೇ ಗೊಬ್ಬರ ಸುರಿಯಬೇಡಿ. ಯಾವ ಎಲೆ ಎಂದು ನೋಡಿ. ಕೆಳಗಿನ ಹಳೆಯ ಎಲೆ ಪೂರ್ತಿ ಹಳದಿಯಾಗಿದ್ದರೆ ಸಾರಜನಕ ಸಾಲದು, ಎರಡು ಮುಷ್ಟಿ ಎರೆಗೊಬ್ಬರ ಕೊಡಿ, ಅಥವಾ ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲಿರುವ 19:19:19 ಗೊಬ್ಬರವನ್ನು ಲೀಟರಿಗೆ 3 ಗ್ರಾಂ ಕರಗಿಸಿ ಹತ್ತು ದಿನಕ್ಕೊಮ್ಮೆ ಬುಡಕ್ಕೆ ಹಾಕಿ. ಮೇಲಿನ ಎಳೆಯ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಕಬ್ಬಿಣದ ಕೊರತೆ. ನಮ್ಮ ನೀರಿಗೆ ಇದು ಸಾಮಾನ್ಯ. ಒಂದು ಲೀಟರ್ ಮಳೆನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ನಿಂಬೆ ಉಪ್ಪು ಕರಗಿಸಿ ಸಂಜೆ ಎಲೆಗೆ ಸಿಂಪಡಿಸಿ, ವಾರ ಬಿಟ್ಟು ಇನ್ನೊಮ್ಮೆ. ಬುಡಕ್ಕೆ ಹಾಕಿದರೆ ಕ್ಷಾರ ಮಣ್ಣು ಅದನ್ನು ಹಿಡಿದಿಟ್ಟುಕೊಂಡುಬಿಡುತ್ತದೆ. ಸೊಪ್ಪಿನ ಬೆಳೆಗೆ ಇದನ್ನು ಸಿಂಪಡಿಸಿದರೆ ಕಲೆ ಬೀಳಬಹುದು, ಮೊದಲು ಎರಡು ಎಲೆಗೆ ಹಾಕಿ ನೋಡಿ.

ಹಿಟ್ಟು ತಿಗಣೆ, ಹೇನು, ಬಿಳಿ ನೊಣ, ಥ್ರಿಪ್ಸ್‌ಗೆ ಬೇವಿನೆಣ್ಣೆ 5 ಮಿಲಿ, ಪಾತ್ರೆ ತೊಳೆಯುವ ದ್ರವ ಸಾಬೂನು 1 ಮಿಲಿ, ನೀರು ಒಂದು ಲೀಟರ್. ಮೊದಲು ಸಾಬೂನಿನಲ್ಲಿ ಎಣ್ಣೆ ಕಲೆಸಿ, ಆಮೇಲೆ ನೀರು. ಗಡಸು ನೀರಿನಲ್ಲಿ ಇದು ಒಡೆದು ಮೇಲೆ ಜಿಡ್ಡು ತೇಲುತ್ತದೆ, ಎಲೆ ಸುಡುತ್ತದೆ, ಮಳೆನೀರು ಎತ್ತಿಡಲು ಇನ್ನೊಂದು ಕಾರಣ. ಎಲೆಯ ಅಡಿಭಾಗ ನೆನೆಯಬೇಕು, ಸಂಜೆ ಐದರ ಮೇಲೆ ಹೊಡೆಯಬೇಕು, ವಾರಕ್ಕೊಮ್ಮೆಯಂತೆ ಮೂರು ಸಲ. ಅಕ್ಟೋಬರ್‌ನಲ್ಲಿ ಹಳದಿ ಅಂಟು ಹಾಳೆ ಎರಡು ಕಟ್ಟಿ.

ಮೈಟ್ ನುಸಿಗೂ, ನವೆಂಬರ್ ನಂತರ ವಟಾಣಿ ಎಲೆ ಮೇಲೆ ಬರುವ ಬೂದಿ ರೋಗಕ್ಕೂ ನೀರಿನಲ್ಲಿ ಕರಗುವ ಗಂಧಕ ಲೀಟರಿಗೆ 2 ಗ್ರಾಂ. ಬೇವಿನೆಣ್ಣೆ ಹೊಡೆದ ಎರಡು ವಾರದೊಳಗೆ ಗಂಧಕ ಹೊಡೆಯಬೇಡಿ, 32 ಡಿಗ್ರಿ ದಾಟಿದ ದಿನವೂ ಬೇಡ, ಎಲೆ ಸುಟ್ಟುಹೋಗುತ್ತದೆ. ಬೂದಿ ರೋಗಕ್ಕೆ ಎಲೆ ಒದ್ದೆಯಾಗಿರಬೇಕೆಂದಿಲ್ಲ. ಒಣ ಹಗಲು, ತಂಪು ರಾತ್ರಿ, ಒತ್ತೊತ್ತಾಗಿ ಇಟ್ಟ ಕುಂಡ ಇಷ್ಟಿದ್ದರೆ ಸಾಕು. ಗಿಡಗಳ ನಡುವೆ ಗಾಳಿಗೆ ಒಂದು ಗೇಣು ಜಾಗ ಬಿಡಿ.

ಶೇಂಗಾ ಹಿಂಡಿ ನೆನೆಸಿದ ನೀರು ಒಳ್ಳೆಯ ಗೊಬ್ಬರ. ಅಪಾರ್ಟ್‌ಮೆಂಟಿನಲ್ಲಿ ಅದರ ವಾಸನೆಗೆ ಅಕ್ಕಪಕ್ಕದವರು ಬಾಗಿಲು ಬಡಿಯುತ್ತಾರೆ. ಬೇವಿನ ಹಿಂಡಿಯನ್ನು ಒಣದಾಗಿಯೇ ತಿಂಗಳಿಗೊಮ್ಮೆ, 10 ಲೀಟರ್ ಕುಂಡಕ್ಕೆ 30 ಗ್ರಾಂ, ಮಣ್ಣಿನೊಳಗೆ ಸೇರಿಸಿ ಮುಚ್ಚಿ.

ಎಳ್ಳ ಅಮಾವಾಸ್ಯೆಗೆ ಹಿಂದಿನಿಂದ ಎಣಿಸಿ

ಎಳ್ಳ ಅಮಾವಾಸ್ಯೆಯ ದಿನ ಹೊಲಕ್ಕೆ ಹೋಗಿ ಚರಗ ಚೆಲ್ಲುವವರು ಬುತ್ತಿಯಲ್ಲಿ ಸಜ್ಜಿರೊಟ್ಟಿಯ ಜೊತೆಗೆ ತಮ್ಮದೇ ಸೊಪ್ಪು ಕಟ್ಟಿಕೊಳ್ಳಬೇಕೆಂದಿದ್ದರೆ ಕ್ಯಾಲೆಂಡರಿನಲ್ಲಿ ಆ ದಿನದಿಂದ ಹಿಂದಕ್ಕೆ ಎಣಿಸಿ. ಪಾಲಕ್, ಸಬ್ಬಸಿಗಿ, ಕೊತ್ತಂಬರಿಗೆ 45 ದಿನ ಮೊದಲು, ಕಡ್ಲಿ ಕುಡಿಗೆ 40 ದಿನ, ಮೂಲಂಗಿಗೂ ಅಷ್ಟೇ. ಮೆಂತೆಗೆ 30 ದಿನ, ಉಳ್ಳಾಗಡ್ಡಿ ತಪ್ಪಲಿಗೆ 28 ದಿನ. ಆಗ ರಾತ್ರಿ ಚಳಿ 15 ಡಿಗ್ರಿ ಆಸುಪಾಸಿಗೆ ಇಳಿದಿರುವುದರಿಂದ ಎಲ್ಲಕ್ಕೂ ಐದು ದಿನ ಹೆಚ್ಚಿಗೆ ಸೇರಿಸಿಕೊಳ್ಳಿ. ಕೊಯ್ಲಿಗೆ ಹತ್ತು ದಿನ ಉಳಿದಾಗ ಸಿಂಪಡಣೆ ಎಲ್ಲ ನಿಲ್ಲಿಸಿ. ಹಿಂದಿನ ದಿನ ಸಂಜೆ ನೀರು ಹಾಕಿ, ಮರುದಿನ ಬೆಳಿಗ್ಗೆ ಬಿಸಿಲೇರುವ ಮೊದಲು ಕೊಯ್ಯಿರಿ. ಮೆಂತೆಯನ್ನು ಬೇರುಸಹಿತ ಕೀಳದೆ ಬುಡದಿಂದ ಎರಡು ಬೆರಳು ಮೇಲೆ ಕತ್ತರಿಸಿದರೆ ಅದೇ ಟ್ರೇಯಲ್ಲಿ ಇನ್ನೊಂದು ಕೊಯ್ಲು ಸಿಗುತ್ತದೆ.